ಮೂರೂವರೆ ಸಿಸಿ ತಕರಾರು

ನನ್ನ ಹಳೇ ಯೆಜ್ಡಿಯ ಕ್ಲಚ್ ಪ್ಲೇಟ್ ಬದಲಿಸೋದು ಅರ್ಧ ಗಂಟೆ ಕೆಲಸ ಅಂತ ಹೇಳಿ ಕೂರಿಸಿದ್ದರು. ಮೈಸೂರಿನ ಮಂಡಿ ಮೊಹಲ್ಲಾದ ಆ ಶೆಡ್ಡಿನಲ್ಲಿ ಅರ್ಧ ಗಂಟೆ ಎಂದರೆ ಒಂದು ಇಡೀ ಬೆಳಗು ಎಂದು ಗೊತ್ತಿದ್ದೇ ಹೋಗಿದ್ದೆ. ಶೆಡ್ಡಿನ ಯಜಮಾನರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದವರು. 1996ರಲ್ಲಿ ಅದು ಮುಚ್ಚಿದ ಮೇಲೆ ಒಂದು ಟೂಲ್ ಬಾಕ್ಸ್ ಹಿಡಿದು ಇಲ್ಲಿಗೆ ಬಂದು ಕೂತವರು, ಇನ್ನೂ ಎದ್ದಿಲ್ಲ.

ಅವತ್ತು ಅವರ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಹಳೇ ಬನಿಯನ್ನಿನಲ್ಲಿ ಸುತ್ತಿದ ಗಂಟೊಂದನ್ನು ಬೆಂಚಿನ ಮೇಲಿಟ್ಟು ಬಿಚ್ಚಿದ. ಮೂಸಂಬಿ ಗಾತ್ರದ ಎಂಜಿನ್. ಫಿನ್ನು, ಕಾರ್ಬುರೇಟರು, ಫ್ಲೈವೀಲು ಎಲ್ಲವೂ ಇದ್ದವು. ರಿಮೋಟಿನಲ್ಲಿ ಓಡಿಸುವ ರೇಸ್ ಕಾರಿನದಂತೆ. ನಿಜವಾದ ಕಾರಿನ ಎಂಟನೇ ಒಂದು ಅಳತೆಯ, ಮಣ್ಣಿನ ಟ್ರ್ಯಾಕಿನಲ್ಲಿ ದಿಬ್ಬ ಹಾರುವ ಬಗ್ಗಿಯದು. ಪೆಟ್ರೋಲ್ ಕುಡಿಯುವುದಿಲ್ಲ, ನೈಟ್ರೋ ಕುಡಿಯುತ್ತದೆ: ಮೆಥನಾಲಿಗೆ ನೈಟ್ರೋಮೀಥೇನ್ ಬೆರೆಸಿದ ಇಂಧನ. ಗೆಳೆಯನೊಬ್ಬ ಮಾರುತ್ತಿರುವ ಈ ಸೆಕೆಂಡ್ ಹ್ಯಾಂಡ್ ಎಂಜಿನ್ ಇಟ್ಟುಕೊಳ್ಳಬೇಕೋ, ಹೊಸದು ಕೊಳ್ಳಬೇಕೋ, ಕೊಂಡರೆ ಯಾವುದು ಎಂದು ಕೇಳಲು ಬಂದಿದ್ದ. ಕೇಳಲು ಎಂದೆ, ಮನಸ್ಸಿನಲ್ಲಿ ಆಗಲೇ ಒಂದನ್ನು ಆರಿಸಿಕೊಂಡು, ಹೂಂ ಅನ್ನಿಸಿಕೊಳ್ಳಲು ಬಂದಿದ್ದ ಎಂದು ನನ್ನ ಅನುಮಾನ.

ನೆನಪಿನಿಂದ ಬರೆಯುತ್ತಿದ್ದೇನೆ. ನಡುವೆ ಬಂದ ಫೋನುಗಳನ್ನೂ ಗಿರಾಕಿಗಳನ್ನೂ ಬಿಟ್ಟಿದ್ದೇನೆ.

ಮಾವ: ಇದು ಹೋಯ್ತು ಕಣೋ. ನೋಡು, ಫ್ಲೈವೀಲ್ ತಿರುಗಿಸಿದ್ರೆ ಪಿಸ್ಟನ್ ಮೇಲಕ್ಕೆ ಬರ್ತಿದ್ದಂಗೆ ಗಕ್ ಅಂತ ನಿಲ್ಲುತ್ತೆ. ಸೀಜ್ ಆಗಿರೋದನ್ನ ನಿನ್ನ ತಲೆಗೆ ಕಟ್ಟಿದ್ದಾನೆ ಅವನು.

ಅಳಿಯ: ಹೋಗಿಲ್ಲ ಮಾವ. ಅದು ಹಿಡೀಬೇಕು. ಹಿಡೀದೇ ಇದ್ರೇನೇ ಹೋಗಿದೆ ಅಂತ.

ಮಾವ: ಸರಿಹೋಯ್ತು. ಇಷ್ಟು ವರ್ಷ ಹಿಡಿದಿರೋ ಎಂಜಿನ್ ಬಿಡಿಸೋದೇ ನನ್ನ ಹೊಟ್ಟೆಪಾಡು, ನೀನು ಹಿಡೀಬೇಕು ಅಂತೀಯ.

ಅಳಿಯ: ನಿಮ್ಮ ಜಾವಾ ಪಿಸ್ಟನ್ನಿಗೆ ರಿಂಗ್ ಇರುತ್ತೆ. ಇದಕ್ಕಿಲ್ಲ. ಒಂದೂ ಇಲ್ಲ.

ಮಾವ: ರಿಂಗಿಲ್ಲದೆ ಕಂಪ್ರೆಷನ್ ಎಲ್ಲಿಂದ ಬರುತ್ತೋ?

ಅಳಿಯ: ಫಿಟ್ಟಿಂಗಿಂದಲೇ. ಎಬಿಸಿ ಅಂತಾರೆ. ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆ ಸ್ಲೀವು, ಸ್ಲೀವಿನ ಒಳಮೈಗೆ ಕ್ರೋಮ್. ಆ ಸ್ಲೀವು ಮೇಲಕ್ಕೆ ಹೋಗ್ತಾ ಒಂಚೂರು ಕಿರಿದಾಗುತ್ತೆ. ಕಣ್ಣಿಗೆ ಕಾಣಲ್ಲ. ತಣ್ಣಗಿದ್ದಾಗ ಪಿಸ್ಟನ್ ಅಲ್ಲಿ ಬಂದು ಸಿಕ್ಕಿಕೊಳ್ಳುತ್ತೆ. ಪಿಂಚ್ ಅಂತಾರೆ ಅದನ್ನ. ಓಡೋವಾಗ ಮೇಲ್ಭಾಗವೇ ಜಾಸ್ತಿ ಬಿಸಿ, ಅಲ್ಲೇ ಜಾಸ್ತಿ ಹಿಗ್ಗುತ್ತೆ. ನೂರು ಡಿಗ್ರಿ ದಾಟಿದ ಮೇಲೆ ಸ್ಲೀವು ನೆಟ್ಟಗಾಗುತ್ತೆ, ಪಿಸ್ಟನ್ ಸಲೀಸಾಗಿ ಓಡುತ್ತೆ.

ಯಜಮಾನರು ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಸೊಸೆಯ ಹೇರ್ ಡ್ರೈಯರ್ ತಂದರು. ಎಂಜಿನ್ನನ್ನು ಬಟ್ಟೆಯಲ್ಲಿ ಹಿಡಿದು ಐದು ನಿಮಿಷ ಬಿಸಿಗಾಳಿ ಊದಿದರು. ಬೆರಳು ಸುಡುವಷ್ಟಾದಾಗ ಹೆಬ್ಬೆರಳಿನಿಂದ ಫ್ಲೈವೀಲ್ ತಳ್ಳಿದರು. ಸುಯ್ಯಂತ ಮೇಲಕ್ಕೆ ಬಂದ ಪಿಸ್ಟನ್ ತುದಿಯಲ್ಲಿ ಅರೆಗಳಿಗೆ ತಡೆದು, ‘ಟಕ್’ ಎಂದು ಆಚೆ ದಾಟಿತು. ಇನ್ನೊಮ್ಮೆ ತಳ್ಳಿದರು. ಟಕ್. ಕನ್ನಡಕ ಹಣೆಯ ಮೇಲೇರಿತು. ಅದು ಅವರಿಗೆ ಏನಾದರೂ ಹಿಡಿಸಿದೆ ಎಂಬ ಗುರುತು; ಬಾಯಲ್ಲಿ ಮಾತ್ರ ಹೇಳುವುದಿಲ್ಲ.

ಮಾವ: ಎಷ್ಟು ಓಡಿದೆ ಇದು?

ಅಳಿಯ: ಎಂಟು ಲೀಟರ್ ಅಂತಾನೆ.

ಮಾವ: ಲೀಟರಾ? ಕಿಲೋಮೀಟರಲ್ಲಿ ಹೇಳೋ.

ಅಳಿಯ: ಇದರ ವಯಸ್ಸು ಲೀಟರಲ್ಲೇ ಲೆಕ್ಕ ಮಾವ. ಎಷ್ಟು ಇಂಧನ ಕುಡಿದಿದೆ ಅನ್ನೋದೇ ಆಯಸ್ಸು. ಹೊಸದಾದ್ರೆ ತಣ್ಣಗಿದ್ದಾಗ ಹೆಬ್ಬೆರಳಲ್ಲಿ ದಾಟಿಸಕ್ಕೇ ಆಗಲ್ಲ. ಇದು ದಾಟುತ್ತೆ, ಆದ್ರೆ ತಕರಾರು ಮಾಡುತ್ತೆ.

ಮಾವ: ಹಂಗಾದ್ರೆ ನನ್ನ ವಯಸ್ಸಿನದು. ಇಟ್ಕೋ ಇದನ್ನ. ಹಣ ಮಿಗುತ್ತೆ.

ಅಳಿಯ: ಇದು ಮೂರು ಪೋರ್ಟಿಂದು, ಸ್ಲೀವಲ್ಲಿ ಮೂರು ಕಿಂಡಿ. ನಾನು ನೋಡಿರೋದು ಏಳು ಪೋರ್ಟು. ಇಟಲಿ ಮಾದರಿಯ ರೇಸಿಂಗ್ ಎಂಜಿನ್. ಅಳತೆ ಒಂದೇ, ಪಾಯಿಂಟ್ 21 ಕ್ಯೂಬಿಕ್ ಇಂಚು, ಅಂದ್ರೆ ಮೂರೂವರೆ ಸಿಸಿ. ನಮ್ಮ ಕ್ಲಾಸಲ್ಲಿ ಅದಕ್ಕಿಂತ ದೊಡ್ಡದು ಹಾಕಂಗಿಲ್ಲ. ಆದ್ರೆ ಏಳು ಪೋರ್ಟಿಂದು ಎರಡೂವರೆ ಎಚ್‌ಪಿ ಕೊಡುತ್ತೆ ಅಂತ ಬರೆದಿದ್ದಾರೆ.

ಮಾವ: ಬರೆದಿದ್ದಾರೆ. ಆರ್‌ಎಕ್ಸ್ 100 ತೊಂಬತ್ತೆಂಟು ಸಿಸಿ, ಹನ್ನೊಂದು ಎಚ್‌ಪಿ. ನಿನ್ನ ಲೆಕ್ಕದಲ್ಲಿ ಅದು ಎಪ್ಪತ್ತು ಕೊಡಬೇಕಿತ್ತು. ಎಷ್ಟು ಆರ್‌ಪಿಎಂನಲ್ಲಿ ಅಂತ ಬರೆದಿದ್ದಾರೆ?

ಅಳಿಯ: ಮೂವತ್ಮೂರು ಸಾವಿರದಲ್ಲಿ.

ಮಾವ: ಮೂವತ್ಮೂರು ಸಾವಿರ! ಅಂದ್ರೆ ಸೆಕೆಂಡಿಗೆ ಐನೂರೈವತ್ತು ಸಲ ಉರೀಬೇಕು. ಒಪ್ಕೊಳ್ಳೋಣ. ನಿನ್ನ ಟ್ರ್ಯಾಕಲ್ಲಿ ಅಷ್ಟು ತಿರುಗಕ್ಕೆ ಜಾಗ ಎಲ್ಲಿದೆ? ನೇರ ಎಷ್ಟು ಉದ್ದ ಇದೆ?

ಅಳಿಯ: ಒಂದೇ ನೇರ. ಮೂರ್ನಾಲ್ಕು ಸೆಕೆಂಡಿಂದು. ಉಳಿದಿದ್ದೆಲ್ಲ ತಿರುವು, ದಿಬ್ಬ.

ಮಾವ: ತಿರುವಲ್ಲಿ ಎಳೆಯೋದು ಎಚ್‌ಪಿ ಅಲ್ಲ, ಟಾರ್ಕು. ಜಾವಾಕ್ಕೆ ಬೋರ್ 65, ಸ್ಟ್ರೋಕ್ 75. ಉದ್ದ ಸ್ಟ್ರೋಕು. ಅದಕ್ಕೇ ಚಾಮುಂಡಿ ಬೆಟ್ಟಕ್ಕೆ ಇಬ್ಬರನ್ನ ಕೂರಿಸ್ಕೊಂಡು ಗೇರ್ ಇಳಿಸದೆ ಗುಡುಗುಡು ಅಂತ ಹತ್ತೋದು. ಇದರದ್ದೆಷ್ಟು?

ಅಳಿಯ: ಬೋರ್ 16.27, ಸ್ಟ್ರೋಕ್ 16.8 ಮಿಲಿಮೀಟರು. ಇದೂ ಉದ್ದವೇ. ಮಣ್ಣಿನ ಟ್ರ್ಯಾಕಿಗೆ ಅಂತ ಮಾಡಿರೋದು.

ಮಾವ: ಉದ್ದವಂತೆ. ಅರ್ಧ ಮಿಲಿಮೀಟರು.

ಅಳಿಯ: ಹದಿನಾರರಲ್ಲಿ ಅರ್ಧ ಅಂದ್ರೆ ನಿಮ್ಮ ಅರವತ್ತೈದಕ್ಕೆ ಎರಡು ಮಿಲಿಮೀಟರ್ ಇದ್ದಂಗೆ. ಆದ್ರೆ ಪೋರ್ಟಿನ ವಿಷಯ ಬೇರೆ. ಪೋರ್ಟ್ ಜಾಸ್ತಿ ಇದ್ರೆ ಮೇಲಿನ ಆರ್‌ಪಿಎಂನಲ್ಲಿ ಉಸಿರಾಟ ಸಲೀಸು. ಕಮ್ಮಿ ಇದ್ರೆ ಕೆಳಗಿಂದಲೇ ಎಳೆತ, ಇಂಧನವೂ ಉಳಿಯುತ್ತೆ.

ಮಾವ: ಅದನ್ನೇ ನಾನು ಹೇಳಿದ್ದು. ಬರೀ ಪೋರ್ಟ್ ಎಣಿಸಬೇಡ ಆದ್ರೆ. ಅದು ಯಾವಾಗ ತೆಗೆಯುತ್ತೆ, ಎಷ್ಟು ಹೊತ್ತು ತೆಗೆದಿರುತ್ತೆ ಅನ್ನೋದು ಮುಖ್ಯ. ಆಮೇಲೆ ಪೈಪು. ಟೂ ಸ್ಟ್ರೋಕಲ್ಲಿ ಎಂಜಿನ್ ಅರ್ಧ, ಸೈಲೆನ್ಸರ್ ಅರ್ಧ. ಕಾಡೆನ್ ಹೆಸರು ಕೇಳಿದ್ದೀಯ?

ಅಳಿಯ: ಇಲ್ಲ.

ಮಾವ: ವಾಲ್ಟರ್ ಕಾಡೆನ್. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯವನು. ಹೊಗೆ ಹೋಗೋ ಪೈಪಿನ ಹೊಟ್ಟೆ ಉಬ್ಬಿಸಿ ಬಾಲ ಸಣ್ಣ ಮಾಡಿದ. ಹೊರಗೆ ಹೋದ ಅಲೆ ವಾಪಸ್ ಬಂದು ಸೋರಿ ಹೋಗ್ತಿದ್ದ ಪೆಟ್ರೋಲನ್ನ ಒಳಕ್ಕೆ ತಳ್ಳಂಗೆ. 1961ರಲ್ಲಿ ಅವನ ರೈಡರ್ ಡೆಗ್ನರ್ ಆ ಕಡೆಯಿಂದ ತಪ್ಪಿಸ್ಕೊಂಡು ಸುಜುಕಿ ಸೇರಿದ, ಗುಟ್ಟೂ ಅವನ ಜೊತೆ ಹೋಯ್ತು. ಮರುವರ್ಷ ಸುಜುಕಿ 50 ಸಿಸಿಯಲ್ಲಿ ವಿಶ್ವ ಚಾಂಪಿಯನ್. ನಮ್ಮ ಮೈಸೂರಲ್ಲಿ ಜಾವಾ ಶುರುವಾದ ವರ್ಷವೇ ಅದು, 1961. ನಮ್ಮ ಫೋರ್‌ಮನ್ ಊಟದ ಹೊತ್ತಲ್ಲಿ ಸಿನಿಮಾ ಕಥೆ ಥರ ಹೇಳ್ತಿದ್ರು. ನಿನ್ನ ಏಳು ಪೋರ್ಟಿಗೆ ಪೈಪ್ ಜೊತೆಗೆ ಬರುತ್ತಾ?

ಅಳಿಯ: ಇಲ್ಲ... ಬೇರೆ ತಗೋಬೇಕು.

ಮಾವ: ಬೆಲೆ ಕೇಳಿದಾಗ ಅದನ್ನ ಸೇರಿಸಿ ಹೇಳಲಿಲ್ಲ ನೀನು.

ಹುಡುಗ ನನ್ನ ಕಡೆ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಮಾವ: ಟ್ಯಾಂಕ್ ಎಷ್ಟು ಹಿಡಿಸುತ್ತೆ?

ಅಳಿಯ: 125 ಎಂಎಲ್. ರೂಲ್ ಅದು. ಏಳು ಪೋರ್ಟಿಂದು ಏಳು ನಿಮಿಷ ಓಡುತ್ತೆ ಅಂತಿಟ್ಕೊಳ್ಳಿ, ಮೂರು ಪೋರ್ಟಿಂದು ಒಂಬತ್ತು.

ಮಾವ: ಗಂಟೆಗೆ ಒಂದು ಲೀಟರ್! ಒಂದು ಲೀಟರಲ್ಲಿ ನನ್ನ ಜಾವಾ ಶ್ರೀರಂಗಪಟ್ಟಣಕ್ಕೆ ಹೋಗಿ, ರಂಗನಾಥನಿಗೆ ಕೈಮುಗಿದು ವಾಪಸ್ ಬರ್ತಿತ್ತು. ರೇಸ್ ಎಷ್ಟು ಹೊತ್ತು?

ಅಳಿಯ: ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಒಂದು ಗಂಟೆ.

ಯಜಮಾನರು ಸೀಮೆಸುಣ್ಣ ತೆಗೆದು ನೆಲದ ಮೇಲೆ ಏಳರ ಮಗ್ಗಿ, ಪಕ್ಕದಲ್ಲಿ ಒಂಬತ್ತರ ಮಗ್ಗಿ ಬರೆದರು.

ಮಾವ: ಏಳು ನಿಮಿಷದ್ದು ಎಂಟು ಸಲ ನಿಲ್ಲಬೇಕು. ಒಂಬತ್ತರದ್ದು ಆರು ಸಲ. ಎರಡು ಸಲ ಕಮ್ಮಿ. ಮುಗೀತಲ್ಲ ವಿಷಯ.

ಅಳಿಯ: ಮುಗೀಲಿಲ್ಲ ಮಾವ. ನಾನೇನು ವಿಶ್ವ ಚಾಂಪಿಯನ್‌ಷಿಪ್ ಓಡಿಸ್ತಿಲ್ಲ. ನಮ್ಮ ಕ್ಲಬ್ಬಿನ ಫೈನಲ್ ಇಪ್ಪತ್ತು ನಿಮಿಷ. ಏಳು, ಹದಿನಾಲ್ಕು: ಎರಡು ಸಲ. ಒಂಬತ್ತು, ಹದಿನೆಂಟು: ಅದೂ ಎರಡೇ ಸಲ. ನಿಮ್ಮ ಮಗ್ಗೀನೇ ನೋಡಿ.

ನೋಡಿದರು. ಹುಡುಗನ ಲೆಕ್ಕ ಸರಿಯಿತ್ತು. ಇಷ್ಟಕ್ಕೇ ಬಿಡುವವರಾಗಿದ್ದರೆ ಅವರು ಆ ಶೆಡ್ಡಿನಲ್ಲಿ ಇಷ್ಟು ವರ್ಷ ಇರುತ್ತಿರಲಿಲ್ಲ.

ಮಾವ: ಏಳು ಮೂರ್ಲಿ ಇಪ್ಪತ್ತೊಂದು. ಇಪ್ಪತ್ತು ನಿಮಿಷದ ರೇಸಿಗೆ ನಿನ್ನ ಹತ್ರ ಇರೋದು ಒಂದೇ ನಿಮಿಷದ ಉಳಿಕೆ. ಬೆಳಗ್ಗೆ ಕಾರ್ಬುರೇಟರ್ ಸೂಜಿ ಒಂಚೂರು ರಿಚ್ ಇಟ್ಟು ಇಂಧನ ಜಾಸ್ತಿ ಬಿಟ್ಟಿದ್ರೆ ಕೊನೇ ಲ್ಯಾಪಲ್ಲಿ ಟ್ಯಾಂಕ್ ಖಾಲಿ. ಆ ಭಯಕ್ಕೆ ಲೀನ್ ಇಡ್ತೀಯ. ಲೀನ್ ಇಟ್ರೆ ಎಣ್ಣೆ ಕಮ್ಮಿ, ಬಿಸಿ ಜಾಸ್ತಿ, ಎಂಜಿನ್ ಕೆಡುತ್ತೆ. ಒಂಬತ್ತು ಮೂರ್ಲಿ ಇಪ್ಪತ್ತೇಳು. ಏಳು ನಿಮಿಷ ನಿರಾಳ. ರಿಚ್ ಇಟ್ಕೊಂಡು ಹಾಡ್ಕೊಂಡು ಓಡಿಸು.

ಅಳಿಯ: ಹಾಡ್ಕೊಂಡು ಓಡಿಸಿದ್ರೆ ಹಿಂದಿನಿಂದ ಮೊದಲನೇವನಾಗ್ತೀನಿ. ಲ್ಯಾಪಿಗೆ ಅರ್ಧ ಸೆಕೆಂಡ್ ಉಳಿದ್ರೂ ಮೂವತ್ತು ಲ್ಯಾಪಿಗೆ ಹದಿನೈದು ಸೆಕೆಂಡು.

ಮಾವ: ಉಳಿದ್ರೆ. ಮಗುಚದೆ ಇದ್ರೆ. ಹೋದ ಸಲ ಎಷ್ಟು ಸಲ ಮಗುಚಿದೆ?

ಅಳಿಯ: ...ನಾಲ್ಕು.

ಮಾವ: ಜಾಸ್ತಿ ಪವರ್ ಹಾಕಿದ್ರೆ ಎಂಟು.

ಅಳಿಯ: ಪವರ್ ಇಳಿಸಬಹುದು ಮಾವ. ಕಾರ್ಬುರೇಟರ್ ಬಾಯಿಗೆ ವೆಂಚುರಿ ಬಳೆ ಬರುತ್ತೆ. ಎಂಟು ಮಿಲಿಮೀಟರ್ ತೆಗೆದು ಆರು ಹಾಕಿದ್ರೆ ಎಂಜಿನ್ ಸಾಧು, ಮೈಲೇಜೂ ಜಾಸ್ತಿ.

ಮಾವ: ದುಡ್ಡು ಕೊಟ್ಟು ದೊಡ್ಡ ಗಂಟಲಿನವನನ್ನ ಕರ್ಕೊಂಡು ಬಂದು ಬಾಯಿಗೆ ಬಟ್ಟೆ ತುರುಕೋದು!

ಅಳಿಯ: ತಮಾಷೆ ಮಾಡಿ, ಆದ್ರೆ ದೊಡ್ಡ ದೊಡ್ಡ ರೇಸರ್‌ಗಳು ಮಾಡೋದೇ ಅದು. ಬಟ್ಟೆ ಬೇಕಾದಾಗ ತೆಗೀಬಹುದಲ್ಲ. ಸಣ್ಣ ಗಂಟಲಿನವನ ಗಂಟಲು ದೊಡ್ಡದು ಮಾಡಕ್ಕಾಗುತ್ತಾ? ನೀವು ಎಚ್‌ಪಿ ಎಚ್‌ಪಿ ಅಂತ ನನ್ನನ್ನ ರೇಗಿಸ್ತೀರ. ನಾನು ದುಬಾರಿ ಎಂಜಿನ್ ಕೇಳ್ತಿರೋದು ಎಚ್‌ಪಿಗಲ್ಲ.

ಮಾವ: ಮತ್ತೆ?

ಅಳಿಯ: ಸೂಜಿಗೆ. ಮೊದಲನೇ ಕಾರಿನ ಜೊತೆ ಬಂದಿತ್ತಲ್ಲ, ಹಗ್ಗ ಎಳೆದು ಸ್ಟಾರ್ಟ್ ಮಾಡೋ ಅಗ್ಗದ ಎಂಜಿನ್ನು, ಅದರಲ್ಲಿ ಒಂದು ವರ್ಷ ನರಳಿದ್ದೀನಿ. ಬೆಳಗ್ಗೆ ಸೂಜಿ ಇಟ್ರೆ ಮಧ್ಯಾಹ್ನಕ್ಕೆ ಆ ಸೆಟ್ಟಿಂಗ್ ಇರ್ತಿರಲಿಲ್ಲ. ಕಾರ್ಬುರೇಟರ್ ಬುಡದಲ್ಲಿ ಗಾಳಿ ಎಳೀತಿತ್ತು, ಹಿಂದಿನ ಪ್ಲೇಟಲ್ಲೂ ಎಳೀತಿತ್ತು. ತಪ್ಪು ನಂದೋ ಎಂಜಿನ್ನಿಂದೋ ಅಂತಾನೇ ಗೊತ್ತಾಗ್ತಿರಲಿಲ್ಲ. ಒಂದು ರೇಸಿಗೆ ಮೂರು ಪ್ಲಗ್ ಸುಟ್ಟಿದ್ದೀನಿ. ಒಳ್ಳೇ ಎಂಜಿನ್ ಕಲಿಯೋರಿಗೇ ಬೇಕು ಮಾವ. ತಪ್ಪಾದ್ರೆ ನಂದೇ ತಪ್ಪು ಅಂತ ಗ್ಯಾರಂಟಿ ಇರುತ್ತೆ.

ಇದಕ್ಕೆ ಯಜಮಾನರು ತಕ್ಷಣ ಏನೂ ಹೇಳಲಿಲ್ಲ. ಹಿಂದಿನ ಶೆಲ್ಫಿನಿಂದ ಒಂದು ಹಾರ್ಲಿಕ್ಸ್ ಬಾಟಲಿ ತೆಗೆದು ಅಲ್ಲಾಡಿಸಿದರು. ಒಳಗೆ ಹಿತ್ತಾಳೆಯ ಪುಟ್ಟ ಜೆಟ್‌ಗಳು ಗಲಗಲ ಅಂದವು.

ಮಾವ: ಇವೆಲ್ಲ ಡೂಪ್ಲಿಕೇಟು. ಗಿರಾಕಿಗಳು ಅಗ್ಗಕ್ಕೆ ಸಿಕ್ತು ಅಂತ ಹಾಕಿಸ್ಕೊಂಡು ಬಂದು, ಟ್ಯೂನಿಂಗ್ ನಿಲ್ತಿಲ್ಲ ಅಂತ ನನ್ನನ್ನ ಬೈದಿದ್ದು. ಕಿತ್ತು ಇಲ್ಲಿ ಹಾಕಿಟ್ಟಿದ್ದೀನಿ. ಆ ಮಾತು ಒಪ್ತೀನಿ ನಿಂದು. ಆದ್ರೆ ಒಳ್ಳೇದು ಅಂದ್ರೆ ಏಳು ಪೋರ್ಟೇ ಆಗಬೇಕು ಅಂತ ಯಾರು ಹೇಳಿದ್ದು? ಒಳ್ಳೇ ಮೂರು ಪೋರ್ಟು ಯಾರೂ ಮಾಡಲ್ವಾ?

ಅಳಿಯ: ಮಾಡ್ತಾರೆ. ಜಪಾನಿನ ಓ.ಎಸ್. ಇದೆ. ಒಸಾಕಾದ ಕಂಪನಿ, 1936ರಿಂದ ಪುಟ್ಟ ಎಂಜಿನ್ ಮಾಡೋದೇ ಅವರ ಕಸುಬು.

ಮಾವ: ಅದನ್ನ ಯಾಕೆ ತೋರಿಸ್ಲಿಲ್ಲ?

ಅಳಿಯ: ತೋರಿಸಿದ್ರೆ ಅದನ್ನೇ ತಗೋ ಅಂತಿದ್ರಿ.

ಕಾಫಿ ಬಂತು. ಕಾಫಿ ಕುಡಿಯುವಾಗ ಬಿಟ್ಟದ್ದನ್ನು ಅವರು ಪ್ಲಗ್ಗಿನಿಂದ ಮತ್ತೆ ಎತ್ತಿಕೊಂಡರು. ಹುಡುಗ ತಲೆಯ ಮೇಲಿನ ಪುಟ್ಟ ಪ್ಲಗ್ ಬಿಚ್ಚಿ, ಪೆನ್ಸಿಲ್ ಸೆಲ್ಲಿಗಿಂತ ಸ್ವಲ್ಪ ದಪ್ಪದ ಒಂದು ಹಿಡಿಗೆ ಸಿಕ್ಕಿಸಿದ. ಒಳಗಿನ ತಂತಿಯ ಸುರುಳಿ ಕೆಂಡದ ಬಣ್ಣಕ್ಕೆ ತಿರುಗಿತು.

ಮಾವ: ಕಿಡಿ ಇಲ್ವಾ?

ಅಳಿಯ: ಇಲ್ಲ. ಮ್ಯಾಗ್ನೆಟೋ ಇಲ್ಲ, ಕಾಯಿಲ್ ಇಲ್ಲ, ಪಾಯಿಂಟ್ ಇಲ್ಲ. ಸ್ಟಾರ್ಟ್ ಮಾಡಕ್ಕೆ ಮಾತ್ರ ಈ ಒಂದೂವರೆ ವೋಲ್ಟು. ಆಮೇಲೆ ಇದನ್ನ ಕಿತ್ತಿಟ್ರೂ ಸುರುಳಿ ಕೆಂಪಗೇ ಇರುತ್ತೆ. ಆ ತಂತಿಯಲ್ಲಿ ಪ್ಲಾಟಿನಂ ಇದೆ. ಮೆಥನಾಲ್ ಆವಿ ಅದಕ್ಕೆ ತಗುಲಿದ್ರೆ ತಾನಾಗೇ ಕಾವು ಹುಟ್ಟುತ್ತೆ.

ಮಾವ: ಟೈಮಿಂಗ್ ಯಾರು ಇಡೋದು?

ಅಳಿಯ: ಯಾರೂ ಇಡಲ್ಲ. ಬಿಸಿ ಪ್ಲಗ್ ಹಾಕಿದ್ರೆ ಬೇಗ ಉರಿಯುತ್ತೆ, ತಣ್ಣನೆ ಪ್ಲಗ್ ಹಾಕಿದ್ರೆ ತಡವಾಗಿ. ಇಂಧನದಲ್ಲಿ ನೈಟ್ರೋ ಜಾಸ್ತಿ ಆದ್ರೆ ಮತ್ತೆ ಬೇಗ. ಆಗ ಹೆಡ್ಡಿನ ಕೆಳಗೆ ಪಾಯಿಂಟ್ ಒಂದು ಮಿಲಿಮೀಟರಿನ ಒಂದು ಶಿಮ್ ಇಟ್ಟು ಕಂಪ್ರೆಷನ್ ಇಳಿಸ್ತಾರೆ.

ಮಾವ: ಪ್ಯಾಕಿಂಗಲ್ಲೇ ಟೈಮಿಂಗ್ ಇಟ್ಟಂಗಾಯ್ತು. ಪರವಾಗಿಲ್ಲ ಕಣೋ ಇದು. ನೈಟ್ರೋ ಎಷ್ಟು ಪರ್ಸೆಂಟು?

ಅಳಿಯ: ಅಮೆರಿಕದಲ್ಲಿ ಇಪ್ಪತ್ತು, ಮೂವತ್ತು ಹಾಕ್ತಾರೆ. ಯುರೋಪಲ್ಲಿ 2019ರ ಕಾನೂನಿನ ಪ್ರಕಾರ ಹದಿನಾರಕ್ಕಿಂತ ಜಾಸ್ತಿ ಇದ್ರೆ ಲೈಸೆನ್ಸ್ ಇಲ್ಲದೆ ಕೊಡಂಗಿಲ್ಲ. ಸ್ಫೋಟಕಕ್ಕೆ ಬಳಸಬಹುದು ಅಂತ.

ಮಾವ: ಅಷ್ಟು ಜೋರಾ ಅದು?

ಅಳಿಯ: ಜೋರು ಅನ್ನೋದಕ್ಕಿಂತ, ಉಸಿರನ್ನ ಜೊತೆಗೇ ಕಟ್ಕೊಂಡು ಬರುತ್ತೆ. ಒಂದು ಕೆಜಿ ಪೆಟ್ರೋಲ್ ಉರಿಸಕ್ಕೆ ಹದಿನಾಲ್ಕೂವರೆ ಕೆಜಿಗಿಂತ ಜಾಸ್ತಿ ಗಾಳಿ ಬೇಕು. ಮೆಥನಾಲಿಗೆ ಆರೂವರೆ ಹತ್ತಿರ. ನೈಟ್ರೋಮೀಥೇನಿಗೆ ಎರಡು ಕೆಜಿಯೂ ಬೇಡ. ಅದರಲ್ಲೇ ಆಮ್ಲಜನಕ ಇದೆ. ಅದೇ ಗಾಳಿಯಲ್ಲಿ ಎಷ್ಟೋ ಪಟ್ಟು ಇಂಧನ ತುರುಕಬಹುದು.

ಮಾವ: ಮೆಥನಾಲ್ ಅಂದ್ರೆ 1981ರಲ್ಲಿ ಬೆಂಗಳೂರಲ್ಲಿ ಕಳ್ಳಭಟ್ಟಿಯಲ್ಲಿ ಬೆರೆಸಿ, ಮುನ್ನೂರಕ್ಕೂ ಹೆಚ್ಚು ಜನ ಸತ್ರಲ್ಲ, ಅದೇ ತಾನೆ?

ಅಳಿಯ: ಅದೇ.

ಮಾವ: ನಿಮ್ಮಮ್ಮನಿಗೆ ಗೊತ್ತಾ ಅದು ಮನೇಲಿದೆ ಅಂತ?

ಅಳಿಯ: ಡಬ್ಬಕ್ಕೆ ಬೀಗ ಇದೆ ಮಾವ.

ಮಾವ: ಉರಿ ಕಣ್ಣಿಗೆ ಕಾಣಲ್ಲ, ಗೊತ್ತಿರಲಿ. ಬಿಸಿಲಲ್ಲಿ ಮೆಥನಾಲ್ ಉರೀತಿದ್ರೆ ಗಾಳಿ ನಡುಗಿದಂಗೆ ಕಾಣುತ್ತೆ, ಅಷ್ಟೇ. ಪಿಟ್ಟಲ್ಲಿ ಒದ್ದೆ ಚಿಂದಿ ಇಟ್ಕೋ.

ಆಮೇಲೆ ಎಂಜಿನ್ ಸುತ್ತಿದ್ದ ಬನಿಯನ್ನನ್ನು ಎತ್ತಿ ಮೂಸಿದರು. ಮುಖ ಒಮ್ಮೆಗೇ ಅರಳಿತು.

ಮಾವ: ಇದೇನೋ, ಹರಳೆಣ್ಣೆ!

ಅಳಿಯ: ಹೌದು. ನೂರಕ್ಕೆ ಹತ್ತು ಭಾಗ ಎಣ್ಣೆ. ಜಾಸ್ತಿ ಸಿಂಥೆಟಿಕ್ಕು, ಜೊತೆಗೆ ಸ್ವಲ್ಪ ಹರಳೆಣ್ಣೆ. ಸಿಂಥೆಟಿಕ್ ಸುಟ್ಟು ಹೋಗೋ ಬಿಸಿಯಲ್ಲೂ ಅದು ಅಂಟ್ಕೊಂಡು ಕಾಪಾಡುತ್ತೆ.

ಮಾವ: ನಮ್ಮಜ್ಜಿ ಶನಿವಾರ ಶನಿವಾರ ತಲೆಗೆ ತಟ್ಟಿ ನೀರು ಹಾಕ್ತಿದ್ಲು. ಅದೇ ಎಣ್ಣೆ ಮೊದಲನೇ ಮಹಾಯುದ್ಧದ ವಿಮಾನಗಳ ಎಂಜಿನ್ನಲ್ಲಿತ್ತು. ಕ್ಯಾಸ್ಟ್ರಾಲ್ ಅನ್ನೋ ಹೆಸರೂ ಹರಳೆಣ್ಣೆಯಿಂದಲೇ ಬಂದಿದ್ದು, ಕ್ಯಾಸ್ಟರ್ ಆಯಿಲ್. ಲೀಟರಿಗೆ ನಲವತ್ತು ಎಂಎಲ್ ಟೂ ಟಿ ಹಾಕಿ ಜಾವಾ ಓಡಿಸ್ತಿದ್ವಿ. ನೀನು ನೂರು ಹಾಕ್ತೀಯ. ಇದೊಂದು ವಿಷಯದಲ್ಲಿ ನಿನ್ನ ಎಂಜಿನ್ ನನಗಿಂತ ಹಳೇ ಕಾಲದ್ದು.

ಅಳಿಯ: ಅದಕ್ಕೇ ಇದು ಮಾವನ ಹತ್ರ ಬಂದಿರೋದು.

ಮಾವ: ಬೆಣ್ಣೆ ಹಚ್ಚಬೇಡ. ಇಲ್ಲಿ ನಿನಗೆ ಯಾವ ಪರ್ಸೆಂಟಿನ ಡಬ್ಬ ಸಿಗುತ್ತೆ?

ಅಳಿಯ: ಸಿಕ್ಕಿದ್ದು. ಒಂದ್ಸಲ ಹದಿನಾರು, ಒಂದ್ಸಲ ಇಪ್ಪತ್ತೈದು. ವಿಮಾನದಲ್ಲಿ ಬರೋರ ಕೈಲಿ ತರಿಸಕ್ಕಾಗಲ್ಲ, ಬ್ಯಾಗಲ್ಲಿ ಬಿಡಲ್ಲ.

ಮಾವ: ನೋಡು, ಎಲ್ಲಾ ತಲೆಕೆಳಗು. ಎಂಜಿನ್ ಆರಿಸಿ ಆಮೇಲೆ ಡಬ್ಬ ಹುಡುಕ್ತಿದ್ದೀಯ. ಮೊದಲು ಯಾವ ಡಬ್ಬ ವರ್ಷಪೂರ್ತಿ ಸಿಗುತ್ತೆ ಅಂತ ಗೊತ್ತು ಮಾಡ್ಕೋ. ಅದಕ್ಕೆ ಹೊಂದೋ ಎಂಜಿನ್ ತಗೋ. ಡಬ್ಬ ಬದಲಾದಾಗೆಲ್ಲ ಶಿಮ್ ಬದಲಾಯಿಸಿ, ಪ್ಲಗ್ ಬದಲಾಯಿಸಿ, ಸೂಜಿ ತಿರುಗಿಸಿ... ಇದನ್ನೆಲ್ಲ ಸಹಿಸ್ಕೊಳ್ಳೋ ಎಂಜಿನ್ ಬೇಕು ನಿಂಗೆ. ಬೆಂಗಳೂರು ಬೇರೆ ಎತ್ತರದಲ್ಲಿದೆ.

ಅಳಿಯ: ಒಂಬೈನೂರು ಮೀಟರ್ ಮೇಲೆ. ಗಾಳಿ ಸಮುದ್ರಮಟ್ಟಕ್ಕಿಂತ ಹತ್ತಿರ ಹತ್ತಿರ ಹತ್ತು ಪರ್ಸೆಂಟ್ ತೆಳು. ಇಟಲಿಯವನು ಕೊಟ್ಟ ಸೂಜಿ ಲೆಕ್ಕ ಇಲ್ಲಿ ರಿಚ್ ಆಗುತ್ತೆ.

ಮಾವ: ಊಟಿಗೆ ಹೋದಾಗ ನಮ್ಮ ಪ್ಲಗ್ ಮಸಿ ಬಳ್ಕೊಳ್ತಿತ್ತು. ಅದೇ ಕಥೆ. ಪುಸ್ತಕ ಅಲ್ಲೇ ಬಿಟ್ಟು ಕಿವಿ ತಗೊಂಡು ಹೋಗು.

ಅಳಿಯ: ಕಿವಿ ನಿಮಗಿದೆ. ನನಗಿರೋದು ಉಷ್ಣಮಾಪಕದ ಗನ್ನು. ಹೆಡ್ಡಿಗೆ ಗುರಿಯಿಟ್ರೆ ನೂರಹತ್ತು ಅಂತ ತೋರಿಸುತ್ತೆ. ಕಿವಿಗಿಂತ ಅದನ್ನೇ ನಂಬ್ತೀನಿ.

ಮಾವ: ಗನ್ನು ಬಿಸಿ ಆದ ಮೇಲೆ ಹೇಳುತ್ತೆ. ಕಿವಿ ಆಗೋ ಮುಂಚೆ ಹೇಳುತ್ತೆ.

ಹೀಗೆ ಇನ್ನಷ್ಟು ಹೊತ್ತು. ಇಬ್ಬರೂ ನಿಜಕ್ಕೂ ಬಿಸಿಯಾದದ್ದು ರನ್ನಿಂಗ್-ಇನ್ ವಿಷಯಕ್ಕೆ. ಯಜಮಾನರ ಪ್ರಕಾರ ಹೊಸ ಎಂಜಿನ್ ಎಂದರೆ ಹೊಸ ಸೊಸೆ. ಮೊದಲ ಐನೂರು ಕಿಲೋಮೀಟರು ನಲವತ್ತು ದಾಟಬಾರದು, ತಣ್ಣಗೆ, ಮೆಲ್ಲಗೆ. ಹುಡುಗ ತಲೆಯಾಡಿಸಿದ.

ಅಳಿಯ: ಇದನ್ನ ತಣ್ಣಗೆ ಓಡಿಸಿದ್ರೇ ಹಾಳು ಮಾವ. ಸ್ಲೀವು ಹಿಗ್ಗದೆ ಇದ್ರೆ ಪಿಸ್ಟನ್ ಪ್ರತಿ ಸುತ್ತಿಗೂ ಆ ಪಿಂಚಿಗೆ ಗುದ್ದುತ್ತೆ. ಹೀಟ್ ಗನ್ನಲ್ಲಿ ಮೊದಲೇ ಬಿಸಿ ಮಾಡಿ ಸ್ಟಾರ್ಟ್ ಮಾಡಬೇಕು, ತೊಂಬತ್ತು ನೂರು ಡಿಗ್ರಿಯಲ್ಲೇ ಓಡಿಸಬೇಕು. ರಿಚ್ ಆಗಿ, ಆದ್ರೆ ಬಿಸಿಯಾಗಿ. ಒಂದು ಟ್ಯಾಂಕ್ ಆದ್ಮೇಲೆ ಪಿಸ್ಟನ್ ಕೆಳಗಿಟ್ಟು ಪೂರ್ತಿ ಆರಿಸಿ, ಮತ್ತೆ.

ಮಾವ: ಹೊಸ ಎಂಜಿನ್ನನ್ನ ಮೊದಲ ದಿನವೇ ಕಾಯಿಸೋದು ಅಂದ್ರೆ ನನಗೆ ಕೈ ಬರಲ್ಲ.

ಅಳಿಯ: ಈಗ ಐದು ನಿಮಿಷ ಹೇರ್ ಡ್ರೈಯರ್ ಹಿಡಿದಿದ್ದು ಯಾರ ಕೈ?

ಯಜಮಾನರು ಫ್ಲೈವೀಲನ್ನು ಮತ್ತೆ ತಿರುಗಿಸಿದರು. ಮಾತಿನ ನಡುವೆ ಎಂಜಿನ್ ಆರಿತ್ತು. ಗಕ್ ಎಂದು ನಿಂತಿತು. ಅಲ್ಲೇ ಹೆಬ್ಬೆರಳು ಒತ್ತಿ ಹಿಡಿದು ಕಣ್ಣು ಮುಚ್ಚಿದರು.

ಮಾವ: ಇಲ್ಲಿ ಗುದ್ದಿದ್ರೆ ಪೆಟ್ಟು ಪಿಸ್ಟನ್ನಿಗಲ್ಲ. ಕನೆಕ್ಟಿಂಗ್ ರಾಡಿಗೆ. ಕೆಳಗಿನ ಬುಷ್ಷು ಮೊಟ್ಟೆ ಆಕಾರ ಆಗುತ್ತೆ. ಹೌದು... ಬಿಸಿ ಮಾಡಲೇಬೇಕು. ಇದನ್ನ ಕೊಟ್ಟೋನು ಬಿಸಿ ಮಾಡಿದ್ನಾ?

ಅಳಿಯ: ಕೇಳಿಲ್ಲ.

ಮಾವ: ಕೇಳು. ಪಿಂಚ್ ಇದ್ರೆ ಸಾಲದು, ರಾಡ್ ನೋಡಬೇಕು. ಬೇರಿಂಗ್ ನೋಡಬೇಕು. ಮೆಥನಾಲ್ ನೀರು ಎಳ್ಕೊಳ್ಳುತ್ತೆ, ಓಡಿಸಿ ಹಂಗೇ ಮಳೆಗಾಲದಲ್ಲಿ ಬಿಟ್ಟಿದ್ರೆ ಹಿಂದಿನ ಬೇರಿಂಗ್ ತುಕ್ಕು.

ಆಮೇಲೆ ಅವರು ಹೇಳಿದ್ದು ನನಗೂ ಅನಿರೀಕ್ಷಿತ.

ಮಾವ: ಒಂದು ಮಾತು ಕೇಳ್ತೀನಿ. ಬ್ಯಾಟರಿ ಕಾರು ಬರುತ್ತಂತಲ್ಲ, ಅದನ್ನ ಯಾಕೆ ತಗೋಬಾರದು?

ಅಳಿಯ: ನೀವಾ ಮಾವ ಈ ಮಾತು ಹೇಳೋದು?

ಮಾವ: ನಾನೇ. ನಾನು ಟೂ ಸ್ಟ್ರೋಕ್ ಹಿಡಿದಿದ್ದು ಅದು ಬಿಟ್ರೆ ಬೇರೆ ಇರಲಿಲ್ಲ ಅಂತ. ಹೊಗೆ ಕುಡಿದು ಕುಡಿದು ಈಗ ಮೆಟ್ಟಿಲು ಹತ್ತಿದ್ರೆ ಎದೆ ಸಿಳ್ಳೆ ಹಾಕುತ್ತೆ. ನಿನಗೆ ಆಯ್ಕೆ ಇದೆ. ಪ್ಲಗ್ ಇಲ್ಲ, ಡಬ್ಬ ಇಲ್ಲ, ಬೀಗ ಇಲ್ಲ.

ಅಳಿಯ: ನನ್ನ ಗೆಳೆಯರು ಅರ್ಧ ಜನ ಅದಕ್ಕೇ ಹೋದ್ರು. ಬ್ರಷ್‌ಲೆಸ್ ಮೋಟಾರು. ಕೆಳಗಿಂದಲೇ ಎಳೆತ, ನಮ್ಮದನ್ನ ನೇರದಲ್ಲಿ ಹಿಂದೆ ಹಾಕುತ್ತೆ. ಸುಳ್ಳು ಹೇಳಲ್ಲ. ಆದ್ರೆ ಹತ್ತು ನಿಮಿಷ ಆದ್ಮೇಲೆ ಬ್ಯಾಟರಿ ತೆಗೆದು ಚಾರ್ಜಿಗಿಟ್ಟು ಸುಮ್ನೆ ಕೂರ್ತಾರೆ. ನಮ್ಮಲ್ಲಿ ಇಪ್ಪತ್ತು ನಿಮಿಷ ರೇಸು, ಮಧ್ಯ ಒಬ್ಬ ಓಡಿಬಂದು ಇಂಧನ ಸುರೀತಾನೆ, ಕಾರು ಮತ್ತೆ ಹಾರುತ್ತೆ. ಮಧ್ಯದಲ್ಲಿ ಸದ್ದು ಬದಲಾದ್ರೆ ಹೊಟ್ಟೇಲಿ ಕಲಸಿದಂಗಾಗುತ್ತೆ. ಅದು ಬೇಕು ನಂಗೆ.

ಮಾವ: ಈಗ ತಾನೆ ಕಿವಿ ಬೇಡ, ಗನ್ ಸಾಕು ಅಂದೆ.

ಅಳಿಯ: ಸದ್ದು ಕೇಳುತ್ತೆ ಮಾವ. ಏನು ಹೇಳ್ತಿದೆ ಅಂತ ಇನ್ನೂ ಗೊತ್ತಾಗಲ್ಲ, ಅಷ್ಟೇ.

ಇದಕ್ಕೆ ಯಜಮಾನರು ನಗಲಿಲ್ಲ. ಪ್ಲಗ್ಗನ್ನು ಬೆಳಕಿಗೆ ಹಿಡಿದು ಸುರುಳಿಯ ಬಣ್ಣ ನೋಡಿದರು. ಹೊಳಪು ಮಾಸಿರಲಿಲ್ಲ, ಸ್ವಲ್ಪ ಒದ್ದೆ. ‘ಪರವಾಗಿಲ್ಲ, ಕೊಟ್ಟೋನು ರಿಚ್ ಇಟ್ಟೇ ಓಡಿಸಿದ್ದಾನೆ’ ಎಂದು ತಮಗೆ ತಾವೇ ಹೇಳಿಕೊಂಡರು.

ಅಳಿಯ: ಹಂಗಾದ್ರೆ ಯಾವುದು ತಗೊಳ್ಳಲಿ?

ಮಾವ: ಭಾನುವಾರ ಬಾ. ಹಿಂದಿನ ಪ್ಲೇಟ್ ಬಿಚ್ಚಿ ರಾಡ್ ನೋಡ್ತೀನಿ. ಅಲ್ಲೀತನಕ ಏನೂ ಕೊಳ್ಳಬೇಡ.

ಅಳಿಯ: ಏಳು ಪೋರ್ಟಿಂದಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ ಮಾವ.

ಮಾವ: ಗೊತ್ತಿತ್ತು.

ಅಳಿಯ: ಹೆಂಗೆ?

ಮಾವ: ಬಸ್ಸಿಗೆ ಹೊತ್ತಾಯ್ತು, ಹೊರಡು. ಇದನ್ನ ಇಲ್ಲೇ ಬಿಟ್ಟು ಹೋಗು.

ಹುಡುಗ ಹೋದ. ನನ್ನ ಯೆಜ್ಡಿಯ ಕ್ಲಚ್ ಕವರ್ ಇನ್ನೂ ನೆಲದ ಮೇಲೆ ಬಾಯಿ ತೆರೆದುಕೊಂಡಿತ್ತು, ಏಳರ ಮಗ್ಗಿಯ ಮೇಲೆ ಎಣ್ಣೆ ತೊಟ್ಟಿಕ್ಕಿತ್ತು. ‘ಯಜಮಾನ್ರೇ, ನಂದು?’ ಎಂದೆ. ಅವರು ಹೇರ್ ಡ್ರೈಯರಿನ ಪ್ಲಗ್ ಹುಡುಕುತ್ತಿದ್ದರು. ‘ನಾಳೆ ಬನ್ನಿ ಸಾರ್’ ಎಂದರು, ತಲೆ ಎತ್ತದೆ. ಓಣಿಯ ತಿರುವಿನವರೆಗೂ ಬಿಸಿಗಾಳಿಯ ಸದ್ದು ಕೇಳುತ್ತಿತ್ತು. ಅದು ನಿಂತ ಮೇಲೆ, ಟಕ್.